ಸಮುದ್ರ ಸ್ನಾನದ ಹರಕೆ

ನಾನು ನ್ಯಾಯಾಲಯದಲ್ಲಿ ಪ್ರಮಾಣ ಮಾಡಿ ಸುಳ್ಳು ಹೇಳಿದೆ. ಅದೂ ಒಂದು ಕೊಲೆ ಮೊಕದ್ದಮೆಯಲ್ಲಿ. ಸತ್ತವನು ಕನ್ನಡದಲ್ಲಿ ಬರೆದಿಟ್ಟಿದ್ದ ಎರಡು ಪುಟಗಳನ್ನು ಅನುವಾದ ಮಾಡದೆ ಬಿಟ್ಟೆ. ಅವುಗಳಲ್ಲಿ ಏನಿದೆ ಎಂದು ಸ್ವತಃ ನ್ಯಾಯಾಧೀಶರೇ ಕೇಳಿದಾಗ ಇಲ್ಲದ್ದನ್ನು ಇದೆ ಎಂದೆ. ಯಾರನ್ನೂ ಕೊಲ್ಲದ ಸೂರಿಬಾಬು ಎಂಬುವವರು ಅದರಿಂದಾಗಿ ಹನ್ನೊಂದು ವರ್ಷ ಜೈಲಿನಲ್ಲಿದ್ದರು.

ಅದರಿಂದಾಗಿ — ಎಷ್ಟು ಸಲೀಸಾಗಿ ಬರೆದುಬಿಟ್ಟೆ. "ನಿಮ್ಮೊಬ್ಬರಿಂದಲೇ ಶಿಕ್ಷೆ ಆಯ್ತು ಅಂತ ಹೇಗೆ ಹೇಳ್ತೀರಿ ಸರ್?" ಎಂದು ಈಚೆಗೆ ವಿಜಯವಾಡದ ವಕೀಲರೊಬ್ಬರು ಕೇಳಿದರು. ನನ್ನ ಸಮಾಧಾನಕ್ಕೆ ಆಡಿದ ಮಾತು. ಆ ಸಮಾಧಾನ ನನಗೆ ಬೇಡ. ಯಾರು ನೋಡಿದರೂ ಅದನ್ನೇ ಕೊಡಲು ಬರುತ್ತಾರೆ, ಅದೇ ನನಗೆ ಸಿಟ್ಟು.

ಇದನ್ನು ಕನ್ನಡದಲ್ಲೇ ಬರೆಯುವುದಕ್ಕೆ ಕಾರಣವಿದೆ. ಆ ದಿನ ವಿಶಾಖಪಟ್ಟಣದ ಆ ಕೋರ್ಟ್ ಹಾಲಿನಲ್ಲಿ ಕನ್ನಡ ಓದಬಲ್ಲವರು ಇಬ್ಬರೇ ಇದ್ದೆವು — ನಾನು ಮತ್ತು ಸತ್ತವನ ಹೆಂಡತಿ. ಈಗ ಇದನ್ನು ಓದುತ್ತಿರುವ ನಿಮ್ಮಲ್ಲಿ ಒಬ್ಬರೇ ಒಬ್ಬರು ಅಲ್ಲಿ ಬೆಂಚಿನ ಮೇಲೆ ಕೂತಿದ್ದರೂ ನನ್ನ ಸುಳ್ಳು ಬಯಲಾಗುತ್ತಿತ್ತು.

ಇಪ್ಪತ್ತೇಳು ವರ್ಷದ ಹಿಂದಿನ ಮಾತು. ನಾನು ಹಾಸನ ಕಡೆಯವನು, ಬ್ಯಾಂಕಿನಲ್ಲಿ ಆಫೀಸರ್, ವರ್ಗವಾಗಿ ವಿಶಾಖಪಟ್ಟಣಕ್ಕೆ ಬಂದು ಎರಡು ವರ್ಷವಾಗಿತ್ತು. ತೆಲುಗು ಗ್ರಾಹಕರ ಹತ್ತಿರ ಮಾತಾಡುವಷ್ಟು ಬರುತ್ತಿತ್ತು, ಅದಕ್ಕಿಂತ ಹೆಚ್ಚಿಲ್ಲ. ಅಲ್ಲಿನ ಕನ್ನಡದವರದ್ದೊಂದು ಚಿಕ್ಕ ಸಂಘವಿತ್ತು. ಬ್ಯಾಂಕಿನವರು, ನೇವಿಯವರು, ಅವರ ಮನೆಮಂದಿ. ನಾನು ಅದರ ಕಾರ್ಯದರ್ಶಿ. ಬಸವಂತಪ್ಪ ನನಗೆ ಪರಿಚಯವಾದದ್ದು ಅಲ್ಲೇ.

ಬಸವಂತಪ್ಪ ಧಾರವಾಡ ಕಡೆಯವರು. ಎಪ್ಪತ್ತೊಂದರ ಯುದ್ಧದಲ್ಲಿ ನೌಕಾಪಡೆಯ ಒಂದು ಸಣ್ಣ ಹಡಗಿನಲ್ಲಿ ಇದ್ದವರು. ನಿವೃತ್ತಿಯಾದ ಮೇಲೂ ಊರಿಗೆ ಹೋಗದೆ ವಿಶಾಖಪಟ್ಟಣದಲ್ಲೇ ನಿಂತಿದ್ದರು. ಯುದ್ಧದಲ್ಲಿ ಹಡಗು ಉಳಿಸಿದ್ದಕ್ಕೆ ಪದಕ ಬಂದಿತ್ತು. ಅದನ್ನು ಅವರು ಯಾರಿಗೂ ತೋರಿಸಿದವರಲ್ಲ. ಟ್ರಂಕಿನ ತಳದಲ್ಲಿ ಇದೆ ಎಂದು ಅವರ ಹೆಂಡತಿ ಶಾಂತಕ್ಕ ಹೇಳಿದ್ದರಿಂದ ನಮಗೆ ಗೊತ್ತು. ದೊಡ್ಡವರ ವಿನಯ ಎಂದುಕೊಂಡಿದ್ದೆವು. ನನ್ನ ಹೆಂಡತಿ ಬಾಣಂತನಕ್ಕೆ ತವರಿಗೆ ಹೋಗಿದ್ದ ಆರು ತಿಂಗಳು ಶಾಂತಕ್ಕ ದಿನಾ ಮಗನ ಕೈಯಲ್ಲಿ ಜೋಳದ ರೊಟ್ಟಿ ಕಳಿಸುತ್ತಿದ್ದರು.

ಅದೇ ಹಡಗಿನ ಎಂಜಿನ್ ಕೋಣೆಯಲ್ಲಿ ಬೆಂಕಿ ಬಿದ್ದಾಗ ಸತ್ತವನು ಅಪ್ಪಲರಾಜು. ಬಸವಂತಪ್ಪನವರ ಸ್ನೇಹಿತ, ವಿಶಾಖಪಟ್ಟಣದವನೇ. ಯುದ್ಧ ಮುಗಿದ ಮೇಲೆ ಅವನ ಬಟ್ಟೆಬರೆ ಕೊಡಲು ಅವನ ಮನೆಗೆ ಹೋದ ಬಸವಂತಪ್ಪ ಮುಂದೆ ಆ ಮನೆಗೆ ಹಿರಿಮಗನಂತೆ ಆದರು. ಅಪ್ಪಲರಾಜುವಿನ ತಮ್ಮನೇ ಸೂರಿಬಾಬು. ಅವರು ದೊಡ್ಡವರಾಗಿ, ವಿಜಯವಾಡದ ಆಟೋನಗರದಲ್ಲಿ ಲಾರಿಗಳ ಡೀಸೆಲ್ ಪಂಪ್ ರಿಪೇರಿಯ ಶೆಡ್ ಹಾಕಿಕೊಂಡಿದ್ದರು. ಹಬ್ಬಕ್ಕೆ ತಪ್ಪದೆ ಬರುತ್ತಿದ್ದರು. ಬಸವಂತಪ್ಪನವರನ್ನು 'ಅನ್ನಯ್ಯ' ಎನ್ನುತ್ತಿದ್ದರು, ನಮ್ಮಲ್ಲಿ ಅಣ್ಣಯ್ಯ ಎಂದ ಹಾಗೆ. ನಾನೊಮ್ಮೆ ಅವರ ಜೊತೆ ಕೂತು ಊಟ ಮಾಡಿದ್ದೆ. ಎಷ್ಟು ತೊಳೆದರೂ ಉಗುರಿನ ಕರಿ ಹೋಗಿರಲಿಲ್ಲ, ಅದಕ್ಕೆ ನಾಚಿಕೊಂಡು ಚಮಚ ಕೇಳಿದ್ದರು.

ಒಂದು ಭಾನುವಾರ ಸಂಜೆ ಬಸವಂತಪ್ಪ ಮತ್ತು ಸೂರಿಬಾಬು ಋಷಿಕೊಂಡದ ಕಡಲತೀರಕ್ಕೆ ಹೋದರು. ಸೂರಿಬಾಬು ಒಬ್ಬರೇ ವಿಜಯವಾಡದ ರೈಲು ಹತ್ತಿದರು. ಮಾರನೆಯ ಬೆಳಿಗ್ಗೆ ಮೀನುಗಾರರಿಗೆ ಬಂಡೆಗಳ ನಡುವೆ ಬಸವಂತಪ್ಪನವರ ಹೆಣ ಸಿಕ್ಕಿತು. ತಲೆಗೆ ಪೆಟ್ಟಾಗಿತ್ತು. ಸೂರಿಬಾಬು ಬಸವಂತಪ್ಪನವರ ಅಂಗಿ ಹಿಡಿದು ಎಳೆದಾಡಿದ್ದನ್ನು ಟೀ ಮಾರುವವನು ನೋಡಿದ್ದ. ಎರಡೇ ದಿನದಲ್ಲಿ ಸೂರಿಬಾಬುವನ್ನು ಶೆಡ್ಡಿನಿಂದಲೇ ಹಿಡಿದು ತಂದರು.

ಸೂರಿಬಾಬು ಮೊದಲಿನಿಂದ ಕೊನೆಯವರೆಗೂ ಹೇಳಿದ್ದು ಒಂದೇ ಮಾತು: "'ಬೆಂಕಿ ಬಿದ್ದಾಗ ನಿನ್ನ ಅಣ್ಣ ಒಳಗಿರುವಾಗಲೇ ನಾನು ಹೆದರಿ ಎಂಜಿನ್ ಕೋಣೆಯ ಮುಚ್ಚಳ ಹಾಕಿದೆ' ಅಂತ ಅನ್ನಯ್ಯ ಹೇಳಿದ. ಸಿಟ್ಟು ಬಂತು, ಅಂಗಿ ಹಿಡಿದೆ. ಆಮೇಲೆ ಅಳುತ್ತಾ ಎದ್ದು ಬಂದೆ. ನಾನು ಬರುವಾಗ ಅವನು ಕೂತೇ ಇದ್ದ."

ನಂಬುವವರು ಯಾರು? ಪದಕ ಬಂದ ಮನುಷ್ಯನ ಮೇಲೆ ಕೊಲೆ ಆರೋಪಿ ಹೊರಿಸಿದ ಮಾತು ಅದು.

ಪೊಲೀಸರಿಗೆ ಬಸವಂತಪ್ಪನವರ ಮೇಜಿನಲ್ಲಿ ಒಂದು ನೋಟ್‌ಬುಕ್ ಸಿಕ್ಕಿತ್ತು. ಕೈಬರಹ ಗುರುತಿಸಲು ಅದನ್ನು ಶಾಂತಕ್ಕನಿಗೂ ತೋರಿಸಿದ್ದರು. ಎಂಟು ಪುಟ ಕನ್ನಡ ಬರಹ. ಕನ್ನಡ, ತೆಲುಗು ಎರಡೂ ಬಲ್ಲ ಅಧಿಕಾರಿಯೊಬ್ಬರು ಬೇಕೆಂದು ಬ್ಯಾಂಕಿಗೆ ಪತ್ರ ಬಂತು. ಮ್ಯಾನೇಜರ್ ನನ್ನ ಹೆಸರು ಕೊಟ್ಟರು. ನನಗೆ ಖುಷಿಯಾಯಿತು — ಹೇಳಿಕೊಳ್ಳಲು ನಾಚಿಕೆ, ಆದರೂ ಹೇಳಬೇಕು. ಆವರೆಗೆ ಯಾರೂ ನನ್ನನ್ನು ಮುಖ್ಯವಾದದ್ದೇನೂ ಕೇಳಿರಲಿಲ್ಲ.

ಮೊದಲ ಆರು ಪುಟ ಹಡಗಿನ ನೆನಪುಗಳು, ಅಪ್ಪಲರಾಜುವಿನ ಜೊತೆಗಿನ ಸ್ನೇಹ. ಆರನೆಯ ಪುಟದ ಕೊನೆಗೆ ಹೀಗಿತ್ತು: "ಒಂದು ಮಾತು ಸೂರಿ ಮುಂದ ಹೇಳಿಲ್ಲ. ಗೊತ್ತಾದರ ಅವ ನನ್ನ ಬಿಡಂಗಿಲ್ಲ."

ಏಳು ಮತ್ತು ಎಂಟನೆಯ ಪುಟಗಳನ್ನು ಇಲ್ಲಿ ಬರೆಯುತ್ತೇನೆ, ನನಗೆ ನೆನಪಿರುವಷ್ಟು. "ನಾನ ಮುಚ್ಚಿದೆ. ಯಾರೂ ಮುಚ್ಚು ಅಂದಿದ್ದಿಲ್ಲ. ಅಂಜಿಕಿ ಬಂತು, ಮುಚ್ಚಿದೆ. ಅಪ್ಪಲರಾಜು ಏಣಿ ಮ್ಯಾಲ ಇದ್ದ, ಎರಡು ಮೆಟ್ಟಲಾ ಉಳಿದಿದ್ದವು." ಆಮೇಲೆ ಇನ್ನೊಂದು ಸಾಲು — ಅದರ ವಿಷಯ ಮುಂದೆ ಹೇಳುತ್ತೇನೆ. ಕೊನೆಗೆ: "ನಾಳೆ ಸೂರಿಗೆ ಎಲ್ಲಾ ಹೇಳತೇನಿ. ಹೊಡದರ ಹೊಡಸ್ಕೋತೇನಿ. ಹೇಳಿ ಮುಗಿದ ಮ್ಯಾಲ ನಾ ಮನಿಗೆ ಬರಂಗಿಲ್ಲ. ಅವತ್ತ ಸಮುದ್ರದಾಗ ಹೋಗಬೇಕಿದ್ದಾಂವ, ಈಗ ಹೋಗತೇನಿ. ಇದರಾಗ ಸೂರಿದು ಏನೂ ತಪ್ಪಿಲ್ಲ."

ಇಷ್ಟು ಸ್ಪಷ್ಟವಾಗಿ. ಇದಕ್ಕಿಂತ ಇನ್ನೇನು ಬೇಕಿತ್ತು?

ಮಧ್ಯಾಹ್ನ ನಾನು ಅನುವಾದಕ್ಕೆ ಕೂತಿದ್ದಾಗ ಶಾಂತಕ್ಕ ಮನೆಗೆ ಬಂದರು. ಕುಂಕುಮವಿಲ್ಲದ ಅವರ ಹಣೆಯನ್ನು ಅಂದೇ ಮೊದಲು ನೋಡಿದ್ದು. ಒಳಗೆ ಬರಲಿಲ್ಲ, ಬಾಗಿಲ ಹತ್ತಿರದ ಸ್ಟೂಲಿನಲ್ಲಿ ಕೂತರು.

"ಮೂರ್ತಿಯವ್ರ, ಕಡೀ ಎರಡು ಹಾಳಿ ಓದಿದ್ರ್ಯಾ?"

"ಓದಿದೆ ಶಾಂತಕ್ಕ."

"ಅವರು ಹ್ವಾದ್ರು. ಹೆಸರರ ಉಳೀಲಿ. ನನ್ನ ಮಗ ನೇವಿ ಸೇರತೇನಿ ಅಂತ ಓಡ್ಯಾಡಕತ್ತಾನ. ಅಂಜಿ ದೋಸ್ತನ್ನ ಸಾಯಾಕ ಬಿಟ್ಟಾಂವ ನಿಮ್ಮಪ್ಪ ಅಂತ ಅವಂಗ ನಾ ಹೆಂಗ ಹೇಳ್ಲಿ?"

"ಸೂರಿಬಾಬು ಗತಿ ಏನು?"

"ಅವ ಹೊಡದಿಲ್ಲಲಾ. ಹೊಡದಿಲ್ಲ ಅಂದ ಮ್ಯಾಲ ಕೋರ್ಟಿನವರು ಬಿಡ್ತಾರ. ಸುಮ್ಮ ಸುಮ್ಮನ ಯಾಕ ಶಿಕ್ಷಾ ಕೊಡ್ತಾರ?"

ಆ ಹೆಂಗಸು ಕೇಡು ಬಯಸಿ ಹೇಳಿದ ಮಾತಲ್ಲ ಅದು. ನಿಜವಾಗಿಯೂ ಹಾಗೆ ನಂಬಿದ್ದರು. ಓದಿದವನು, ಲೋಕ ಕಂಡವನು ನಾನು. 'ಹಾಗಲ್ಲ ಶಾಂತಕ್ಕ' ಎನ್ನಬೇಕಾದವನು ನಾನು. ಅವರು ಎದ್ದು ಹೋದ ಮೇಲೆ ಆರು ಪುಟದ ಅನುವಾದ ಬರೆದೆ. ಕೆಳಗೆ ಒಂದು ಟಿಪ್ಪಣಿ ಹಾಕಿದೆ: 'ಉಳಿದ ಎರಡು ಪುಟಗಳಲ್ಲಿ ಮನೆಯ ಹಾಗೂ ದೇವರ ಹರಕೆಯ ವಿಚಾರ. ಪ್ರಕರಣಕ್ಕೆ ಸಂಬಂಧವಿಲ್ಲ.' ಸಹಿ ಮಾಡಿ ಬ್ಯಾಂಕಿನ ಮೊಹರು ಹಾಕಿದೆ.

ಸಾಕ್ಷಿ ಹೇಳಲು ಕರೆದಾಗ ಒಂದು ವರ್ಷ ಕಳೆದಿತ್ತು. ಸೂರಿಬಾಬು ಕಟಕಟೆಯಲ್ಲಿ ನಿಂತಿದ್ದರು, ನನಗೂ ಅವರಿಗೂ ನಡುವೆ ನಾಲ್ಕು ಹೆಜ್ಜೆ. ನನ್ನನ್ನು ಗುರುತು ಹಿಡಿದು, ಕೈ ಎತ್ತದೆ, ತಲೆ ಮಾತ್ರ ಬಗ್ಗಿಸಿದರು. ಪರಿಚಯದವರು ಬಂದಿದ್ದಾರೆ, ಇನ್ನು ಪರವಾಗಿಲ್ಲ — ಹಾಗಿತ್ತು ಆ ಮುಖ. ಹಿಂದಿನ ಬೆಂಚಿನಲ್ಲಿ ಅವರ ಮಗಳು ಪದ್ಮ. ಆಗ ಕಾಲೇಜು ಓದುವ ಹುಡುಗಿ.

ಸರ್ಕಾರಿ ವಕೀಲರು 'ಗೊತ್ತಾದರೆ ಅವನು ನನ್ನನ್ನು ಬಿಡುವುದಿಲ್ಲ' ಎಂಬ ಸಾಲನ್ನು ನನ್ನಿಂದ ಮೂರು ಸಲ ಓದಿಸಿದರು. ಸೂರಿಬಾಬು ಪರ ವಕೀಲರು ವಯಸ್ಸಾದವರು, ಒಳ್ಳೆಯವರು. "ಕೊನೆಯ ಎರಡು ಪುಟದಲ್ಲಿ ಏನೂ ಇಲ್ಲವೇ ಮೂರ್ತಿಗಾರು?" ಎಂದು ಕೇಳಿದರು. "ಇಲ್ಲ" ಎಂದೆ. ಬ್ಯಾಂಕ್ ಅಧಿಕಾರಿ ಸುಳ್ಳು ಹೇಳಬಹುದೆಂದು ಅವರಿಗೆ ಅನಿಸಲಿಲ್ಲ. ಕೂತುಬಿಟ್ಟರು.

ಆದರೆ ನ್ಯಾಯಾಧೀಶರು ನೋಟ್‌ಬುಕ್ ತರಿಸಿಕೊಂಡರು. ತೆಲುಗು ಓದುವವರಿಗೆ ನಮ್ಮ ಅಕ್ಷರ ಅರ್ಧಕ್ಕರ್ಧ ಓದಲು ಬರುತ್ತದೆ ಎನ್ನುವುದು ನಿಮಗೆ ಗೊತ್ತು. ನನಗೂ ಗೊತ್ತಿತ್ತು, ಆ ಕ್ಷಣದವರೆಗೂ ಹೊಳೆದಿರಲಿಲ್ಲ. ಅವರು ಕನ್ನಡಕ ಏರಿಸಿ, ಬಸವಂತಪ್ಪನವರ ಕೂಡಿಸಿ ಬರೆದ ಕೈಬರಹದ ಮೇಲೆ ಬೆರಳಾಡಿಸುತ್ತಾ ಹೋದರು. ಎಂಟನೆಯ ಪುಟದಲ್ಲಿ ಬೆರಳು ನಿಂತಿತು.

"ಇಕ್ಕಡ ಸಮುದ್ರ ಅನಿ ಉಂದಿ ಕದಂಡಿ?" ಎಂದರು. ಇಲ್ಲಿ ಸಮುದ್ರ ಅಂತ ಇದೆಯಲ್ಲವೇ ಎಂದು.

ಎರಡು ಭಾಷೆಗೂ ಅದೊಂದೇ ಪದ. ದೇವರೇ ಒಂದು ಬಾಗಿಲು ತೆರೆದು ಹಿಡಿದಂತೆ — ಇಷ್ಟು ವರ್ಷದಲ್ಲಿ ಎಷ್ಟು ಸಲ ಆ ಬಾಗಿಲಿನ ಮುಂದೆ ಹೋಗಿ ನಿಂತಿದ್ದೇನೆ. ಹೌದು ಸರ್, ಇದೆ, ಪೂರ್ತಿ ಓದುತ್ತೇನೆ ಕೊಡಿ. ಅಷ್ಟೇ. ಅಷ್ಟು ಹೇಳಿದ್ದರೆ...

"ಸಮುದ್ರ ಸ್ನಾನದ ಹರಕೆ ಸರ್," ಎಂದೆ.

ನ್ಯಾಯಾಧೀಶರು ನೋಟ್‌ಬುಕ್ ಮುಚ್ಚಿದರು. ಬೆಂಚಿನ ಮೇಲೆ ಶಾಂತಕ್ಕ ಸೆರಗಿನಿಂದ ಮುಖ ಒರೆಸಿಕೊಂಡರು.

ತೀರ್ಪಿನಲ್ಲಿ ಜೀವಾವಧಿ ಶಿಕ್ಷೆ. ಬಂಡೆಯಿಂದಲೂ ಅಂಥ ಪೆಟ್ಟು ಬೀಳಬಹುದು ಎಂದು ಡಾಕ್ಟರು ಹೇಳಿದ್ದನ್ನು ನ್ಯಾಯಾಧೀಶರು ಒಪ್ಪಲಿಲ್ಲ. ಸತ್ತವನಿಗೇ ಆರೋಪಿಯ ಭಯವಿತ್ತು ಎಂಬುದಕ್ಕೆ ಅವನ ಕೈಬರಹವೇ ಸಾಕ್ಷಿ ಎಂದರು. ಅಪೀಲಿನಲ್ಲೂ ಅದೇ ನಿಂತಿತು. ಆ ವಾರ ನನಗೆ ಜ್ವರ ಬಂತು, ಹೋಯಿತು. ಹಾಸನದ ಹತ್ತಿರಕ್ಕೆ ವರ್ಗವಾಯಿತು. ಹೋದೆ. ಬರೆಯುವುದಕ್ಕೇ ಅಸಹ್ಯವಾಗುತ್ತದೆ — ನಾನು ಚೆನ್ನಾಗಿಯೇ ಇದ್ದೆ. ಮಗಳನ್ನು ಓದಿಸಿದೆ, ಬಡ್ತಿ ತೆಗೆದುಕೊಂಡೆ. ವರ್ಷಕ್ಕೆ ಒಂದೆರಡು ಸಲ ನೆನಪಾದರೆ, 'ಶಾಂತಕ್ಕನಿಗೋಸ್ಕರ' ಎಂದು ಹೇಳಿಕೊಂಡೆ.

ಕೆಲಸದ ಕೊನೆಯ ಮೂರು ವರ್ಷಕ್ಕೆ ವಿಜಯವಾಡಕ್ಕೆ ಹಾಕಿದರು. ಮಗಳು ಅಲ್ಲಿಯ ಹುಡುಗನನ್ನೇ ಮದುವೆಯಾದಳು. ನಿವೃತ್ತಿಯಾದ ಮೇಲೂ ಅಲ್ಲೇ ಉಳಿದೆವು. ಒಂದು ದಿನ ಕಾರಿನ ರಿಪೇರಿಗೆಂದು ಆಟೋನಗರಕ್ಕೆ ಹೋಗಿದ್ದೆ. ಪಕ್ಕದ ಶೆಡ್ಡಿನಲ್ಲಿ ಬಿಚ್ಚಿಟ್ಟ ಡೀಸೆಲ್ ಪಂಪ್ ಕಂಡಿತು. ಸುಮ್ಮನೆ ಕೇಳಿದೆ, ಸೂರಿಬಾಬು ಅಂತ ಒಬ್ಬರು ಇಲ್ಲಿ ಇದ್ದರಂತಲ್ಲ? "ಜೈಲಿಗೆ ಹೋದರಲ್ಲ, ಅವರೇ ತಾನೇ? ಈ ಶೆಡ್ ಅವರದೇ ಆಗಿತ್ತು. ಪಾಪ, ಪಂಪಿನ ಸದ್ದು ಕೇಳಿಯೇ ಯಾವ ಲಾರಿ ಅಂತ ಹೇಳ್ತಿದ್ದರು," ಎಂದ ಅಲ್ಲಿಯ ಮೇಸ್ತ್ರಿ. ಬಿಡುಗಡೆಯಾಗಿ ಮಂಗಳಗಿರಿಯಲ್ಲಿ ಮಗಳ ಮನೆಯಲ್ಲಿದ್ದಾರಂತೆ. ನನ್ನ ಮನೆಯಿಂದ ಅರ್ಧ ಗಂಟೆಯ ದಾರಿ.

ಅಂದಿನಿಂದ ಶುರುವಾಯಿತು ನನ್ನ ಓಡಾಟ. ಅವರ ವಕೀಲರು ತೀರಿಕೊಂಡಿದ್ದರು. ವಿಶಾಖಪಟ್ಟಣದ ಕೋರ್ಟಿಗೆ ನಾಲ್ಕು ಸಲ ಹೋದೆ. ರೆಕಾರ್ಡ್ ರೂಮಿನ ಗುಮಾಸ್ತ, ಅಷ್ಟು ಹಳೆಯ ಫೈಲು ನಾಶ ಮಾಡಿರುತ್ತಾರೆ ಎಂದ. ಇನ್ನೊಬ್ಬ, ಇದ್ದರೂ ಇರಬಹುದು, ಅರ್ಜಿ ಕೊಡಿ ಎಂದ. ಅರ್ಜಿ ಕೊಟ್ಟರೆ, ನಿಮಗೂ ಕೇಸಿಗೂ ಏನು ಸಂಬಂಧ ಎಂದ. ನಾನೇ ಸುಳ್ಳು ಸಾಕ್ಷಿ ಎಂದೆ. ಅವನು ನನ್ನ ಬಿಳಿ ಕೂದಲು ನೋಡಿ, "ಕೂತ್ಕೊಳ್ಳಿ ಸರ್, ನೀರು ಕುಡೀರಿ," ಎಂದ. ಪೊಲೀಸ್ ಸ್ಟೇಷನ್ನಿನಲ್ಲಿ ಟೀ ತರಿಸಿದರು. ಕೇಸ್ ಮುಗಿದಿದೆ, ಶಿಕ್ಷೆ ಮುಗಿದಿದೆ, ಈಗ ಯಾಕೆ ಸರ್ ಈ ವಯಸ್ಸಿನಲ್ಲಿ ಎಂದರು. ಸುಳ್ಳು ಹೇಳಲು ಹೋದಾಗ ನನಗೆ ಕುರ್ಚಿ, ಸಮನ್ಸು, ಪ್ರಮಾಣವಚನ ಎಲ್ಲ ಇತ್ತು. ನಿಜ ಹೇಳಲು ಹೋದರೆ ತೆಗೆದುಕೊಳ್ಳುವವರೇ ಇಲ್ಲ.

ನೋಟ್‌ಬುಕ್ ಶಾಂತಕ್ಕನಿಗೆ ವಾಪಸ್ಸು ಹೋಗಿತ್ತು. ಅವರೂ ಈಗಿಲ್ಲ. ಮಗನ ನಂಬರ್ ಹುಡುಕಿ ಫೋನ್ ಮಾಡಿದೆ. ಅವನು ನೇವಿ ಸೇರಲೇ ಇಲ್ಲವಂತೆ. ಹುಬ್ಬಳ್ಳಿಯಲ್ಲಿ ಟೈಲ್ಸ್ ಅಂಗಡಿ. "ಆ ನೋಟ್‌ಬುಕ್ಕಾ ಅಂಕಲ್? ಅವ್ವ ಅದನ್ನ ಬಚ್ಚಲ ಒಲ್ಯಾಗ ಹಾಕಿದ್ಲು. ನಾನ ನೋಡೇನಿ. ಯಾಕ್ರೀ, ಏನಿತ್ತು ಅದರಾಗ?" ಎಂದ. ಅವನಿಗೂ ಹೇಳಿದೆ. ಕೊನೆಯವರೆಗೂ ಕೇಳಿದ. ಆಮೇಲೆ ಫೋನ್ ಇಟ್ಟ.

ಕಳೆದ ತಿಂಗಳು ಮಂಗಳಗಿರಿಗೆ ಹೋದೆ. ಸ್ಟಾಂಪ್ ಕಾಗದದಲ್ಲಿ ಎಲ್ಲವನ್ನೂ ತೆಲುಗಿನಲ್ಲಿ ಬರೆಸಿ, ನೋಟರಿ ಮುಂದೆ ಸಹಿ ಮಾಡಿ ಒಯ್ದಿದ್ದೆ. ಮುಂದಿನ ಕೋಣೆಯಲ್ಲಿ ಮಗ್ಗ, ಪದ್ಮ ಅದರಲ್ಲಿ ಕೂತಿದ್ದಳು. ಒಳಗೆ ಮಂಚದ ಮೇಲೆ ಸೂರಿಬಾಬು. ಎಪ್ಪತ್ತು ದಾಟಿದವರು, ಬಲಗಣ್ಣು ಪೂರಾ ಹೋಗಿದೆ. ಉಗುರುಗಳು ಈಗ ಬೆಳ್ಳಗಿದ್ದವು. ಅಲ್ಲಿ ಆಡಿದ ಮಾತೆಲ್ಲ ತೆಲುಗಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ — ಈ ಸಲ ಒಂದನ್ನೂ ಬಿಡದೆ.

ನಾನು ಹೇಳಿ ಮುಗಿಸಿದಾಗ ಮಗ್ಗದ ಸದ್ದು ನಿಂತಿತ್ತು. ಪದ್ಮ ಎದ್ದು ಬಾಗಿಲಿಗೆ ಬಂದಳು.

"ಈಗ ಯಾಕೆ ಬಂದಿರಿ? ನಿಮಗೆ ಮನಸ್ಸು ಹಗುರ ಆಗಲಿ ಅಂತಲಾ?"

"ಗೊತ್ತಿಲ್ಲಮ್ಮ. ಇರಬಹುದು."

"ನಮ್ಮಮ್ಮ ಸಾಯುವಾಗ ಅಪ್ಪನನ್ನ ಎರಡು ಗಂಟೆ ಕಳಿಸಿದ್ದರು. ಇಬ್ಬರು ಪೊಲೀಸರ ಜೊತೆ. ನನಗೆ ಬಂದ ಸಂಬಂಧ ಎರಡು ಸಲ ಮುರಿದುಬಿತ್ತು, ಕೊಲೆಗಾರನ ಮಗಳು ಅಂತ. ಈ ಕಾಗದ ಈಗ ಎಲ್ಲಿ ಅಂಟಿಸಲಿ? ನೀವೇ ಹೇಳಿ."

ಕಾಗದವನ್ನು ಅವಳು ಮುಟ್ಟಲಿಲ್ಲ. ನಾನು ಅದನ್ನು ಮಂಚದ ತುದಿಯಲ್ಲಿಟ್ಟೆ.

ಸೂರಿಬಾಬು ಬೈಯಲಿ, ಹೊಡೆಯಲಿ ಎಂದು ಕಾಯುತ್ತಿದ್ದೆ. ಅವರು ಕೇಳಿದ್ದು ಬೇರೆ.

"ಆ ಪುಟದಲ್ಲಿ ನಮ್ಮಣ್ಣನ ವಿಷಯ ಇತ್ತು ಅಂದಿರಲ್ಲ. ಅವತ್ತು ಕಡಲತೀರದಲ್ಲಿ ಅನ್ನಯ್ಯ ಹೇಳಿದ — ಮುಚ್ಚಳ ಹಾಕುವಾಗ ಅಪ್ಪಲರಾಜು ಏನೋ ಅಂದ, ಅದನ್ನ ಹೇಳ್ತೀನಿ ಕೇಳು ಸೂರಿ ಅಂದ. ನಾನು ಕೇಳಲಿಲ್ಲ. ಸಿಟ್ಟಲ್ಲಿ ಎದ್ದು ಬಂದುಬಿಟ್ಟೆ. ಜೈಲಿನಲ್ಲಿ ಅದೊಂದೇ ಯೋಚನೆ. ಏನಂದ ಅವನು? ಅನ್ನಯ್ಯ ಬರೆದಿದ್ದನಾ?"

ಬರೆದಿದ್ದರು. ಮುಂದೆ ಹೇಳುತ್ತೇನೆ ಎಂದೆನಲ್ಲ, ಆ ಸಾಲು ಅದೇ. ಅಪ್ಪಲರಾಜು ಕೂಗಿ ಹೇಳಿದ್ದನ್ನು ಬಸವಂತಪ್ಪ ಕನ್ನಡಕ್ಕೆ ತಿರುಗಿಸದೆ, ಅವನ ತೆಲುಗಿನಲ್ಲೇ, ಕನ್ನಡ ಅಕ್ಷರದಲ್ಲಿ ಬರೆದಿಟ್ಟಿದ್ದರು. ಅನುವಾದದ ಅಗತ್ಯವೇ ಇರಲಿಲ್ಲ. ಕೋರ್ಟಿನಲ್ಲಿ ನಾಲ್ಕು ಹೆಜ್ಜೆ ದೂರದಲ್ಲಿ ನಿಂತಿದ್ದ ತಮ್ಮನಿಗೆ ಕೇಳುವ ಹಾಗೆ ನಾನು ಓದಿದ್ದರೆ ಸಾಕಿತ್ತು. ಆದರೆ ಆಗ ನನ್ನ ತೆಲುಗು ಅಷ್ಟಕ್ಕಷ್ಟೇ. ಆ ಸಾಲು ಸರಿಯಾಗಿ ಅರ್ಥವಾಗಿರಲಿಲ್ಲ. ಹೇಗೂ ಬಿಡುವ ಪುಟ, ತಿಳಿದುಕೊಳ್ಳುವ ಗೋಜಿಗೂ ಹೋಗಿರಲಿಲ್ಲ. ಬಚ್ಚಿಟ್ಟ ಸಾಲುಗಳೆಲ್ಲ ಬಾಯಿಪಾಠ ಇವೆ. ಇದೊಂದು ಇಲ್ಲ.

ಒಂದು ಮಾತು ನಾಲಿಗೆಯ ತುದಿಗೆ ಬಂತು. 'ಅಮ್ಮನನ್ನು ನೋಡಿಕೋ ಅಂತ ತಮ್ಮನಿಗೆ ಹೇಳು.' ಯಾವ ಅಣ್ಣನಾದರೂ ಹೇಳಬಹುದಾದ ಮಾತು. ಹೇಳಿದ್ದರೆ ಆ ಮುದುಕರು ನಂಬುತ್ತಿದ್ದರು, ಅವರಿಗೆ ಸಾಯುವ ತನಕ ಸಾಲುತ್ತಿತ್ತು. ಕನಿಕರದ ಸುಳ್ಳು — ಶಾಂತಕ್ಕನಿಗೂ ನಾನು ಕೊಟ್ಟಿದ್ದು ಅದನ್ನೇ.

"ಬರೆದಿದ್ದರು. ಒಂದೇ ಸಾಲು. ನನಗೆ ನೆನಪಿಲ್ಲ," ಎಂದೆ.

"ಒಂದು ಪದನಾದರೂ?"

"ಇಲ್ಲ."

ಅವರು ಮುಂದಕ್ಕೆ ಬಾಗಿದರು. ಒಂದೇ ಕಣ್ಣು, ಅದು ನನ್ನ ಮುಖದ ಮೇಲೆ.

"ಪದ ಬೇಡ. ನನ್ನ ಹೆಸರು ಇತ್ತಾ ಅದರಲ್ಲಿ? ಸೂರಿ ಅಂತ? ಅಷ್ಟು ಹೇಳಿ ಸಾಕು."

ನಾನು ನಿಜವಾಗಿ ಯತ್ನಿಸಿದೆ. ಕಣ್ಣು ಮುಚ್ಚಿದೆ. ಎಂಟನೆಯ ಪುಟ, ನೀಲಿ ಶಾಯಿ, ಬಲಕ್ಕೆ ವಾಲಿದ ಅಕ್ಷರ, ಮೇಲಿನ ಸಾಲು, ಕೆಳಗಿನ ಸಾಲು. ನಡುವೆ ಖಾಲಿ.

"ತೆಲೀದಂಡಿ," ಎಂದೆ. ಗೊತ್ತಿಲ್ಲ ಎಂದು.

ಸೂರಿಬಾಬು ಗೋಡೆಯ ಕಡೆ ತಿರುಗಿ ಮಲಗಿದರು. ಪದ್ಮ ಒಳಗೆ ಬಂದು ಅವರಿಗೆ ಹೊದಿಕೆ ಹೊದೆಸಿದಳು. ನಾನು ಚಪ್ಪಲಿ ಹಾಕಿಕೊಂಡು ಹೊರಗೆ ಬಂದೆ. ಬಸ್ಸು ಹತ್ತುವ ತನಕ ಮಗ್ಗ ಮತ್ತೆ ಶುರುವಾಗಲಿಲ್ಲ.